ಉಪ್ಪಿನ ಸಿಂಹಾಸನಕ್ಕೆ ಮಟ್ಟು ಕಟ್ಟಿದ್ದು

ಹಾರ್ಮೋನಿಯಂ ನುಡಿಸಲು ಬಂದವರೆಲ್ಲ ನಾಟಕದ ಮೇಷ್ಟ್ರಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸರವಾದವರು ಇಲ್ಲಿಗೇ ಓದು ನಿಲ್ಲಿಸಬಹುದು. ನುಡಿಸುವುದು ಈ ಕೆಲಸದ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಬೈಯುವುದು, ಬೈಸಿಕೊಂಡವರನ್ನು ಸಮಾಧಾನ ಮಾಡುವುದು, ಸಮಾಧಾನವಾದವರನ್ನು ಮತ್ತೆ ಬೈಯುವುದು. ಈಗ ಬೆರಳ ಗಿಣ್ಣುಗಳು ಊದಿಕೊಂಡು ಮಂಡ್ಯದ ಗುತ್ತಲಿನ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿದ್ದೇನೆ. ಕೆಲಸ ಬಿಟ್ಟರೂ ಬೈಯುವ ಚಟ ಬಿಟ್ಟಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೊಸದಾಗಿ ಈ ಕಸುಬಿಗೆ ಇಳಿಯುವವರು ಆಗಾಗ ಬಂದು ಅನುಭವ ಹೇಳಿ ಎಂದು ಕೇಳುತ್ತಾರೆ. ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಸನ್ಮಾನಗಳ ವಿಷಯ ಬರೆಯುವುದಿಲ್ಲ. ಹೊದಿಸಿದ ಶಾಲುಗಳೆಲ್ಲ ಒಂದೇ ಥರ ಇರುತ್ತವೆ.

ನಮ್ಮ ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕ ಆಡುವವರು ರೈತರೇ. ಭತ್ತ ಮನೆ ಸೇರಿ, ಕಬ್ಬು ಕಡಿದು ಮುಗಿದು, ಕೈ ಬಿಡುವಾದಾಗ ಊರಿನ ಗಂಡಸರು ಕೂತು ಈ ಸಲ ಯಾವ ನಾಟಕ ಎಂದು ಮಾತು ತೆಗೆಯುತ್ತಾರೆ. ಮೇಷ್ಟ್ರಿಗೆ ವೀಳ್ಯ ಹೋಗುತ್ತದೆ. ಖರ್ಚನ್ನು ಪಾತ್ರ ಹಿಡಿದವರೇ ಹಂಚಿಕೊಳ್ಳುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು, ದ್ವಾರಪಾಲಕನಿಗೆ ಸಣ್ಣ ಪಾಲು. ಆದ್ದರಿಂದ ಯಾರಿಗೆ ಯಾವ ಪಾತ್ರ ಒಪ್ಪುತ್ತದೆ ಎಂದು ಮೇಷ್ಟ್ರನ್ನು ಯಾರೂ ಕೇಳುವುದಿಲ್ಲ. ರಾಜನ ಪಾತ್ರ ಹಿಡಿದವನಿಗೆ ದನಿ ಇಲ್ಲದಿದ್ದರೆ ದನಿ ಬರಿಸುವುದು ಮೇಷ್ಟ್ರ ತಲೆನೋವು. ಅದಕ್ಕಾಗಿಯೇ ತಿಂಗಳುಗಟ್ಟಲೆ ತಾಲೀಮು. ಹೆಣ್ಣು ಪಾತ್ರಕ್ಕೆ ಮಾತ್ರ ಊರಿನವರಿರುವುದಿಲ್ಲ, ಹೊರಗಿನ ಕಲಾವಿದೆಯರನ್ನು ಕರೆಸುತ್ತಾರೆ. ಅವರಿಗೆ ತಾಲೀಮಿಲ್ಲ. ನಾಟಕದ ದಿನ ಬಸ್ಸಿಳಿದು, ಬಣ್ಣ ಹಚ್ಚಿಕೊಂಡು, ನಿಂತು ಹಾಡಿ, ಮತ್ತೆ ಬಸ್ಸು ಹತ್ತುತ್ತಾರೆ.

ನನಗೆ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ಕಲಿಸಿದ ಗುರುಗಳು ಮದ್ದೂರಿನ ಕಡೆಯವರು. ಮಾತು ಕಡಿಮೆ, ಬೆತ್ತ ಜಾಸ್ತಿ. ನಾನು ಅವರ ಪಕ್ಕ ಕೂತು ಕಲಿಯುತ್ತಿದ್ದ ಕಾಲದಲ್ಲಿ ಗೌಡರೊಬ್ಬರು ರಾಜನಾಗಿ ಹಾಡುತ್ತ ಹಾಡುತ್ತ ಶ್ರುತಿ ಬಿಟ್ಟು ಎಲ್ಲೋ ಹೊರಟುಹೋದರು. ನಾನು ಕಿಸಕ್ಕನೆ ನಕ್ಕೆ. ಗುರುಗಳು ಪರದೆ ಬೀಳುವವರೆಗೆ ಸುಮ್ಮನಿದ್ದು ಆಮೇಲೆ ಬೆನ್ನಿಗೊಂದು ಬಿಟ್ಟರು.

"ಅವ್ನು ಸ್ರುತಿ ಬುಟ್ಟು ಓದ್ರೆ ನೀನು ಸ್ರುತೀನೇ ಎತ್ಕಂಡು ಅವ್ನ್ ಹಿಂದೆ ಓಗ್ಬೇಕು ಕಣ್ಲಾ. ಅವ್ನು ಹೊಲ ಉತ್ಬುಟ್ಟು ಬಂದವ್ನೆ. ನೀನೇನ್ ಉತ್ತಿದ್ದೀಯಾ?"

ಅಂದರೆ ಹಾಡುವವನು ಯಾವ ಸ್ವರದ ಮನೆಗೆ ಜಾರಿದನೋ ಪೆಟ್ಟಿಗೆಯೂ ಆ ಮನೆಗೆ ಜಾರಬೇಕು, ಕೇಳುವವರಿಗೆ ಅದು ಗೊತ್ತಾಗಬಾರದು. ಈ ವಿದ್ಯೆಯನ್ನು ಸಂಗೀತದ ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ. ನನ್ನ ಸಂಸಾರ ನಡೆದದ್ದು ಮಾತ್ರ ಇದೊಂದರಿಂದಲೇ.

ಎಡವಟ್ಟುಗಳನ್ನು ಬರೆಯಹೊರಟರೆ ಇದೇ ಒಂದು ಪುಸ್ತಕವಾದೀತು. ಒಂದು ಹಳ್ಳಿಯಲ್ಲಿ ಅಣ್ಣ ತಮ್ಮ ಇಬ್ಬರೂ ರಾಜನ ಪಾತ್ರಕ್ಕೇ ಪಟ್ಟು ಹಿಡಿದರು. ಪಂಚಾಯಿತಿ ಮಾಡಿ ಮೊದಲರ್ಧ ಅಣ್ಣನಿಗೆ, ಉಳಿದರ್ಧ ತಮ್ಮನಿಗೆ ಎಂದು ತೀರ್ಮಾನವಾಯಿತು. ಎತ್ತರದ ಕಪ್ಪು ರಾಜ ಕೋಪ ಮಾಡಿಕೊಂಡು ಪರದೆಯ ಹಿಂದಕ್ಕೆ ಹೋದ. ಗಿಡ್ಡನೆಯ ಬಿಳಿ ರಾಜ ಅದೇ ಕೋಪ ಹೊತ್ತು ಹೊರಗೆ ಬಂದ. ಕೂತ ಜನ ಚಕಾರ ಎತ್ತಲಿಲ್ಲ. ಇನ್ನೊಂದು ಊರಿನಲ್ಲಿ ಗದೆ ತರುವವನು ಗದೆ ಮರೆತು, ಯಾರ ಮನೆಯದೋ ಒನಕೆ ಹಿಡಿದು ಯುದ್ಧಕ್ಕೆ ಬಂದ. ಅದಕ್ಕೂ ಶಿಳ್ಳೆ ಬಿತ್ತು. ನಮ್ಮ ಜನ ವೇಷ ನೋಡಿ ಮೋಸ ಹೋಗುವವರಲ್ಲ, ಕಥೆ ಮುಂದಕ್ಕೆ ಹೋದರೆ ಸಾಕು ಅವರಿಗೆ. ಇದನ್ನು ತಿಳಿದುಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಕಾಲ ಬದಲಾಗಿದೆ. ಮೊದಲು ನಾಟಕವೆಂದರೆ ಬೆಳಗಿನ ಜಾವದವರೆಗೆ. ಈಗ ಮಂಡ್ಯದ ರಂಗಮಂದಿರದಲ್ಲಿ ಬೆಳಗ್ಗೆ ತಿಂಡಿ ತಿಂದು ಕೂತರೆ ದೀಪ ಹಚ್ಚುವ ಹೊತ್ತಿಗೆ ಮಂಗಳ. ಮೊದಲು ಒಂದೊಂದು ಕಂದಪದ್ಯವನ್ನೂ ಬಾಯಿಂದ ಬಾಯಿಗೆ ಕಲಿಸುತ್ತಿದ್ದೆವು. ಈಗ ನಾನು ಹಾಡಿದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಟ್ರ್ಯಾಕ್ಟರ್ ಮೇಲೆ ಕೂತು ಕಲಿಯುತ್ತಾರೆ. ಅದರಿಂದ ಕೆಡುಕೇನೂ ಆಗಿಲ್ಲ. ಆದರೆ ನಾನು ಕೆಮ್ಮಿದ ಜಾಗದಲ್ಲಿ ಒಬ್ಬ ತಾನೂ ಕೆಮ್ಮಿ ಹಾಡುವುದನ್ನು ಕೇಳಿದಾಗಿನಿಂದ, ಫೋನು ಹಿಡಿದರೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತೇನೆ.

ಇನ್ನು ದೇವೀರಮ್ಮನ ವಿಷಯಕ್ಕೆ ಬರುತ್ತೇನೆ. ಇಷ್ಟನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ದೇವೀರಮ್ಮ ಮಳವಳ್ಳಿಯವಳು. ನಾನು ಪೆಟ್ಟಿಗೆ ಹಿಡಿದಷ್ಟು ಕಾಲದಿಂದಲೂ ಅವಳು ರಾಣಿ. ಬಸ್ಸಿಳಿದು ಬರುವಾಗಲೇ "ಇವತ್ತು ಯಾವ್ ನಾಟ್ಕ ಮೇಸ್ಟ್ರೇ?" ಎಂದು ಕೇಳುವಳು. ಹೆಸರು ಹೇಳಿದರೆ ಸಾಕು, ಜಡೆ ಕಟ್ಟುತ್ತಲೇ ಪಾತ್ರವಾಗುವಳು. ಅವಳ ಕಂಠ ಒಂದು ಸಲವೂ ನನ್ನ ಶ್ರುತಿಯನ್ನು ಓಡಿಸಿಕೊಂಡು ಹೋದದ್ದಿಲ್ಲ. ಆದರೆ ನಾಟಕದ ಪೋಸ್ಟರಿನಲ್ಲಿ ಗಂಡಸರ ಫೋಟೋಗಳು ಹೆಂಚಿನ ಸಾಲಿನಂತೆ ಇರುತ್ತಿದ್ದವು. ಕೆಳಗಿನ ಅಂಚಿನಲ್ಲಿ 'ಸ್ತ್ರೀ ಪಾತ್ರದಲ್ಲಿ ನುರಿತ ಕಲಾವಿದೆಯರು' ಎಂದಷ್ಟೇ ಇರುತ್ತಿತ್ತು. ಬಾಡಿಗೆ ಸೀನರಿಯ ಜೊತೆ ಬರುವುದು ಒಂದೇ ಸಿಂಹಾಸನ. ಅದರ ಮೇಲೆ ರಾಜ ಕೂರುತ್ತಾನೆ. ಪಾಲು ಕೊಟ್ಟವನಲ್ಲವೇ, ಹಾಡಿನ ಮೇಲೆ ಹಾಡು ಹಾಡುತ್ತಾನೆ. ಅಷ್ಟು ಹೊತ್ತೂ ರಾಣಿ ಪಕ್ಕದಲ್ಲಿ ನಿಂತಿರಬೇಕು. ಆಟ ಮುಗಿದು ಗೆಜ್ಜೆ ಬಿಚ್ಚುವಾಗ ಅವಳ ಪಾದಗಳು ಊದಿರುತ್ತಿದ್ದವು. ನಾನು ನೋಡಿದ್ದೆ, ಆದರೆ ಅದು ಕೆಲಸದ ಕಷ್ಟ ಎಂದುಕೊಂಡಿದ್ದೆ. ನನ್ನ ಬೆರಳೂ ನೋಯುತ್ತಿತ್ತಲ್ಲ.

ಒಮ್ಮೆ ಹಲಗೂರಿನಲ್ಲಿ ನಾಟಕ ಮುಗಿಸಿ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದೆವು. ಅವಳು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು. ಮಳವಳ್ಳಿ ಬಸ್ಸು ಬಂದು ನಿಂತರೂ ತಲೆ ಎತ್ತಲಿಲ್ಲ.

"ಬಸ್ಸು ಬಂತು ಕಣಮ್ಮ. ಅದೇನು ಇಟ್ಟಿಗೆ ಹಿಡ್ಕೊಂಡು ಕೂತಿದ್ದೀಯ?" ಎಂದೆ.

"ಮುಂದಿನ್ ಬಸ್ಸಿಗ್ ಓಯ್ತೀನಿ ಬುಡಿ ಮೇಸ್ಟ್ರೇ. ಕೋಟೆ ಬಾಗ್ಲು ತಗ್ದವ್ರೆ."

ಕೋಟೆ ಬಾಗಿಲು ತೆಗೆದರೆ ಬಸ್ಸು ಯಾಕೆ ಬಿಡಬೇಕು ಎಂದು ನನಗೆ ಅರ್ಥವಾಗಲಿಲ್ಲ. ಪುಸ್ತಕದ ಹೆಸರು 'ಉಪ್ಪಿನ ಸಿಂಹಾಸನ'. ನಾಲ್ಕು ಸಂಪುಟ. ಬರೆದವರು ಮದ್ದೂರಿನಲ್ಲಿರುವ ದನದ ಡಾಕ್ಟರು, ನಾಗೇಂದ್ರ ಅಂತ. ಪುರಾಣವಲ್ಲ, ಚರಿತ್ರೆಯೂ ಅಲ್ಲ; ಎಲ್ಲಿಯೂ ಇಲ್ಲದ ಒಂದು ರಾಜ್ಯವನ್ನು ತಲೆಯಿಂದಲೇ ಹುಟ್ಟಿಸಿ ಬರೆದದ್ದು. ಹುಟ್ಟಿಸಿದ ಕಥೆಗೆ ಇಷ್ಟು ದಪ್ಪವೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಮುಂದಿನ ಸಲ ಬರುವಾಗ ಮೊದಲ ಸಂಪುಟ ತಂದು ನನ್ನ ಪೆಟ್ಟಿಗೆಯ ಮೇಲಿಟ್ಟಳು. "ಓದ್ಬುಟ್ಟು ಆಮೇಲ್ ನಗಿ" ಎಂದಳು.

ಓದಿದೆ. ನನ್ನ ಅಭಿಪ್ರಾಯ ಇಲ್ಲಿ ಹೇಳಿಯೇ ಬಿಡುತ್ತೇನೆ, ಯಾರೂ ಕೇಳದಿದ್ದರೂ. ಮೊದಲ ಪುಟ ತೆರೆದರೆ ಭೂಪಟ. ಆಮೇಲೆ ವಂಶಾವಳಿ. ಅದು ಮುಗಿದರೆ ಇನ್ನೊಂದು ವಂಶಾವಳಿ. ಮದುವೆ ಮನೆಯಲ್ಲಿ ಊಟಕ್ಕೆ ಹಾಕುವ ಮುಂಚೆ ಎಲ್ಲ ನೆಂಟರನ್ನೂ ಪರಿಚಯ ಮಾಡಿಸಿದ ಹಾಗಾಯಿತು. ಮೊದಲ ನೂರು ಪುಟ ನಾನು ಬೈದುಕೊಂಡೇ ಓದಿದೆ. ಸೈನಿಕರು ಯಾಳಿಗಳ ಮೇಲೆ ಸವಾರಿ ಮಾಡುತ್ತಾರೆ; ದೇವಸ್ಥಾನದ ಕಂಬದ ಮೇಲಿರುತ್ತದಲ್ಲ, ಸಿಂಹದ ಮೈ, ಆನೆಯ ಸೊಂಡಿಲು, ಆ ಯಾಳಿ. ಅಂಥ ಒಂದು ಯಾಳಿಗೆ ಹೊಟ್ಟೆ ಉಬ್ಬರ ಬಂದು, ಅದಕ್ಕೆ ಮದ್ದು ಅರೆದು ಕುಡಿಸಿ, ಎಬ್ಬಿಸಿ ನಿಲ್ಲಿಸುವುದಕ್ಕೇ ಒಂದು ಇಡೀ ಅಧ್ಯಾಯ! ಇದನ್ನು ಬರೆದವನು ದನದ ಡಾಕ್ಟರೇ ಸೈ ಎಂದುಕೊಂಡೆ. ಕೈಗೆ ಸಿಕ್ಕಿದ್ದರೆ ಅಲ್ಲೇ ಕತ್ತರಿ ಹಾಕುತ್ತಿದ್ದೆ. ಆದರೂ ಆ ಯಾಳಿ ಕೊನೆಗೆ ಎದ್ದು ನಿಂತು ಮೈ ಕೊಡವಿದಾಗ, ಹೇಳಬಾರದು, ನನ್ನ ಕಣ್ಣು ಒದ್ದೆಯಾಗಿತ್ತು.

ಕಥೆ ಏನೆಂದರೆ, ಕಡಲ ತೀರದ ಒಂದು ರಾಜ್ಯ. ಅಲ್ಲಿನ ಸಿಂಹಾಸನ ಉಪ್ಪಿನದು. ಪ್ರತಿ ಮಳೆಗಾಲದಲ್ಲೂ ಅದರ ಅಂಚು ಕರಗುತ್ತದೆ. ಉಪ್ಪು ತೆಗೆಯುವ ಕೇರಿಯ ಹೆಂಗಸರು ತಲೆಯ ಮೇಲೆ ಉಪ್ಪು ಹೊತ್ತು ತಂದು ಅದನ್ನು ಮತ್ತೆ ಕಟ್ಟುತ್ತಾರೆ. ಹಾಗೆ ಹೊತ್ತವರಲ್ಲಿ ಒಬ್ಬಳು ಕಡಲಾಂಬೆ. ಸಿಂಹಾಸನ ಕಟ್ಟಿದವಳು ಅದರ ಎದುರು ತಲೆ ಎತ್ತಿದ್ದಕ್ಕೆ ಏಟು ತಿನ್ನುತ್ತಾಳೆ, ಊರು ಬಿಡುತ್ತಾಳೆ, ಯಾಳಿ ಪಳಗಿಸುತ್ತಾಳೆ, ಸೈನ್ಯ ಕಟ್ಟುತ್ತಾಳೆ. ಎರಡನೆಯ ಸಂಪುಟ ಬರೀ ಮಂತ್ರಾಲೋಚನೆ. ಮಂತ್ರಿಗಳು ಮಾತಾಡಿ ಮಾತಾಡಿ ನನಗೆ ಆಕಳಿಕೆ ತರಿಸಿದರು. ಮೂರನೆಯದನ್ನು ಮಾತ್ರ ಕೆಳಗಿಡಲು ಮನಸ್ಸಾಗಲಿಲ್ಲ. ಉಪ್ಪಿನ ಗದ್ದೆಯಲ್ಲಿ ಹೆಂಗಸರೆಲ್ಲ ಸನಿಕೆ ಹಿಡಿದು ರಾಜನ ಸೈನ್ಯಕ್ಕೆ ಎದುರು ನಿಲ್ಲುವ ಅಧ್ಯಾಯ ಓದುತ್ತ ಓದುತ್ತ ನನ್ನ ಬೆರಳು ತಾನಾಗಿ ಮೇಜಿನ ಮೇಲೆ ಆಡತೊಡಗಿತು. ಆ ಅಧ್ಯಾಯಕ್ಕೆ ಮಟ್ಟು ತನ್ನಷ್ಟಕ್ಕೆ ಬಂತು. ನಾಲ್ಕನೆಯದರಲ್ಲಿ ಅವಳು ಗೆಲ್ಲುತ್ತಾಳೆ. ಎಲ್ಲರೂ ಕಿರೀಟ ಹಿಡಿದು ಕಾಯುತ್ತಿರುವಾಗ 'ಬೇಡ' ಎಂದು ಹೇಳಿ, ಸಿಂಹಾಸನವನ್ನು ಬರಿದಾಗಿ ಬಿಟ್ಟು, ಕಡಲ ಕಡೆಗೆ ನಡೆದುಹೋಗುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ನನಗೆ ಆ ಕೊನೆ ಬಹಳ ಗಂಭೀರವಾಗಿದೆ ಎನಿಸಿತು. ದೇವೀರಮ್ಮನಿಗೆ ಹೇಳಿದೆ. ಅವಳಿಗೆ ಸರ್ರನೆ ಕೋಪ ಬಂತು.

"ಎಲ್ಲಾ ಸರಿಯಾಗ್ ಬರ್ದವ್ರೆ ಮೇಸ್ಟ್ರೇ, ಕೊನೇಲಿ ಹೊಲ ಕೆಡಿಸ್ಬುಟ್ಟವ್ರೆ. ಅದ್ಕೆ ಉಪ್ಪು ಹೊತ್ತೋಳ್ ಅವ್ಳು. ಗೆದ್ದೋಳ್ ಅವ್ಳು. ಕೂರಕ್ಕೆ ಏನ್ ರೋಗ?"

ಮತ್ತೆ ಅವಳೇ ಹೇಳಿದಳು. "ಆದ್ರೂ ಆ ಪಾತ್ರ ನಾನ್ ಮಾಡ್ಬೇಕು. ಮಂಡಿ ಓಯ್ತಾ ಅದೆ, ಈ ವರ್ಸಕ್ಕೆ ಬಣ್ಣ ಬುಟ್ಬುಡ್ತೀನಿ. ಬುಡಕ್ ಮುಂಚೆ ಒಂದ್ ದಪ, ನಿಮ್ ಗಂಡಸ್ರಂಗೆ ತಾಲೀಮ್ ಮಾಡಿ, ಮೊದ್ಲಿಂದ ಕೊನೇಗಂಟ ನಂದೇ ಆಗಿರೋ ಒಂದ್ ಪಾತ್ರ. ನೀವೇ ಮಟ್ಟು ಕಟ್ಟಿ ಕೊಡ್ಬೇಕು."

ಅವಳು ಆವರೆಗೆ ನನ್ನನ್ನು ಏನನ್ನೂ ಕೇಳಿದವಳಲ್ಲ. ಆಗಲಿ ಎಂದುಬಿಟ್ಟೆ. ಹೇಳುವುದು ಸುಲಭ; ನಮ್ಮ ಸೀಮೆಯಲ್ಲಿ ದೇವರಿಲ್ಲದ ಕಥೆಯನ್ನು, ಹೆಂಗಸನ್ನು ಮುಂದೆ ನಿಲ್ಲಿಸಿಕೊಂಡು ಆಡುವ ಗಂಡಸರನ್ನು ಎಲ್ಲಿಂದ ತರುವುದು?

ಯಲಿಯೂರಿನ ತಮ್ಮಣ್ಣ ಆ ವರ್ಷ ಹೊಸದೇನಾದರೂ ಆಡಬೇಕೆಂದು ತಡಕಾಡುತ್ತಿದ್ದ. ಅವನು ಊರಿನ ಖಾಯಂ ರಾಜ. ಭರ್ತಿ ಮೀಸೆ, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೇಳುವ ಕಂಠ. ಅಕ್ಕಪಕ್ಕದ ಊರಿನವರೆಲ್ಲ ಅವನು ಆಡಿದ ನಾಟಕಗಳನ್ನೇ ಆಡಿ ಮುಗಿಸಿದ್ದರಿಂದ ಅವನಿಗೆ ಮುಖಭಂಗವಾಗಿತ್ತು. ನಾನು ಕಥೆ ಹೇಳಿದೆ. ಯಾಳಿ, ಕೋಟೆ, ಯುದ್ಧ ಎಲ್ಲ ಕೇಳುವವರೆಗೆ ಅವನ ಕಣ್ಣು ಅರಳಿತ್ತು. ಮುಖ್ಯ ಪಾತ್ರ ದೇವೀರಮ್ಮನದು ಎಂದಾಗ ಎದ್ದು ನಿಂತ.

"ಎಂಗಸ್ನ ಮುಂದೆ ಬುಟ್ಕಂಡು ನಾವು ಭಟರಂಗೆ ಪಕ್ದಲ್ ನಿಂತ್ಕಳದಾ? ಊರೋರು ನಗಾಕಿಲ್ವಾ ಮೇಸ್ಟ್ರೇ?"

ನನ್ನ ಜೊತೆ ಬಂದಿದ್ದ ದೇವೀರಮ್ಮ ಅಲ್ಲೇ ಇದ್ದಳು. "ನಾನ್ ಇಷ್ಟ್ ವರ್ಸ ನಿನ್ ಪಕ್ದಲ್ ನಿಂತಿಲ್ವಾ ತಮ್ಮಣ್ಣ? ನೀನೂ ಒಂದಿನ ನಿಂತ್ಕೊ. ಕಾಲೇನ್ ಸವ್ದೋಗಾಕಿಲ್ಲ."

ಕೂತಿದ್ದವರೆಲ್ಲ ಹೋ ಎಂದು ನಕ್ಕರು. ತಮ್ಮಣ್ಣನಿಗೂ ನಗು ತಡೆಯಲಾಗಲಿಲ್ಲ. ಅವಳು ಇನ್ನೊಂದು ಮಾತು ಸೇರಿಸಿದಳು: ಸಂಬಳ ಬೇಡ, ಎಲ್ಲರಂತೆ ತಾನೂ ಪಾಲು ಹಾಕಿ ಪಾತ್ರ ಹಿಡಿಯುತ್ತೇನೆ ಎಂದು. ಪಾಲು ಹಾಕಿದವರಿಗೆ ಪಾತ್ರವಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ತಮ್ಮಣ್ಣ ಅವಳ ಸೇನಾಪತಿಯ ಪಾತ್ರಕ್ಕೆ ಒಪ್ಪಿದ. ಆದರೆ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದ: "ಜನ ಎದ್ದೋದ್ರೆ ಇನ್ನೆಂದೂ ಇಂತಾದ್ ಮಾಡಾಕಿಲ್ಲ. ಎಂಗಸ್ರು ಬಸ್ ಇಳ್ದು ಬಂದು ನಿಂತ್ಕಂಡ್ ಓಗ್ಲಿ, ಅಷ್ಟೇಯ." ದೇವೀರಮ್ಮ ತಲೆಯಾಡಿಸಿದಳು. ಅವಳೊಬ್ಬಳ ಆಸೆಗೆ ಈಗ ಅವಳ ಹಿಂದೆ ಬರುವ ಕಲಾವಿದೆಯರ ಭಾರವೂ ಸೇರಿತು.

ಬರೆದವರ ಒಪ್ಪಿಗೆ ಕೇಳಲು ನಾವಿಬ್ಬರೂ ಮದ್ದೂರಿಗೆ ಹೋದೆವು. ಡಾಕ್ಟರು ಆಗತಾನೇ ಯಾವುದೋ ಎಮ್ಮೆಗೆ ಹೆರಿಗೆ ಮಾಡಿಸಿ ಬಂದಿದ್ದರು. ತೋಳು ತೊಳೆಯುತ್ತಲೇ ಮಾತಾಡಿಸಿದರು. ತೆಳ್ಳನೆಯ, ಸಂಕೋಚದ ಮನುಷ್ಯ. ಪುಸ್ತಕವನ್ನು ಯಾರೋ ಮಳವಳ್ಳಿಯಲ್ಲಿ ಕೊನೆಯವರೆಗೆ ಓದಿದ್ದಾರೆ ಎನ್ನುವುದೇ ಅವರಿಗೆ ನಂಬಲಾಗದ ಸುದ್ದಿ. ನಾಟಕ ಮಾಡುತ್ತೇವೆ ಎಂದಾಗ ಖುಷಿಯಿಂದ ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಓಡಾಡಿದರು. ಮಟನ್ ಸಾರು ಮುದ್ದೆ ಹಾಕಿಸಿದರು. ಊಟದ ನಡುವೆ ದೇವೀರಮ್ಮ ತನ್ನ ಅಭಿಪ್ರಾಯವನ್ನು ಮುಲಾಜಿಲ್ಲದೆ ಹೇಳಿಬಿಟ್ಟಳು: ಕೊನೆ ತಪ್ಪು.

ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. "ಯೋಚನೆ ಮಾಡಿ ನೋಡಿ ಅಮ್ಮ. ನಾಲ್ಕು ಸಂಪುಟದಲ್ಲೂ ಅದರ ಮೇಲೆ ಕೂತೋರೆಲ್ಲ ಏನಾದರು? ಕೆಟ್ಟುಹೋದರು. ಅವಳೂ ಕೂತರೆ ಅವರ ಹಾಗೇ ಆಗ್ತಾಳೆ. ಎದ್ದು ಹೋಗೋದೇ ಅವಳ ಗೆಲುವು."

"ಕೂತು ಕೂತು ಸಾಕಾದೋನು ಬ್ಯಾಡ ಅಂದ್ರೆ ಅದು ದೊಡ್ಡತನ ಸಾರ್. ಹುಟ್ದಾಗಿಂದ ನಿಂತೋಳು ಬ್ಯಾಡ ಅಂದ್ರೆ, ಮತ್ತೆ ನಿಂತ್ಕ ಅಂತ ನೀವೇ ಹೇಳ್ಕೊಟ್ಟಂಗ್ ಆಯ್ತದೆ. ಕೆಟ್ರೆ ಕೆಡ್ಲಿ. ಕೂತು ಕೆಡ್ಲಿ."

ಡಾಕ್ಟರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು. ಅವರ ಮಾತೂ ಸರಿಯಾಗಿತ್ತು, ಅವಳ ಮಾತೂ ಸರಿಯಾಗಿತ್ತು. ಕೊನೆಗೆ ಅವರು, "ವರ್ಷಗಟ್ಟಲೆ ಬರೆದದ್ದು, ನಾನು ಆ ಕೊನೆಗೋಸ್ಕರವೇ ಬರೆದೆ. ಏನು ಬೇಕಾದರೂ ಬಿಡಿ, ಯಾಳಿಯ ಹೊಟ್ಟೆ ಉಬ್ಬರ ಬೇಕಾದರೂ ಬಿಡಿ. ಅದೊಂದನ್ನ ಬದಲಿಸಬೇಡಿ" ಎಂದರು. ನಾನು ಮಾತು ಕೊಟ್ಟೆ.

ದೇವೀರಮ್ಮ ಕೈ ತೊಳೆಯುತ್ತ ಅಂದಳು: "ಆಯ್ತು ಬುಡಿ ಸಾರ್. ನಿಮ್ ಕಥೆ. ನೀವ್ ಬರ್ದಂಗೇ ಎದ್ ಓಯ್ತೀನಿ. ತಪ್ಪು ಅನ್ನೋದ್ ಮಾತ್ರ ಬುಡಾಕಿಲ್ಲ."

ಯಲಿಯೂರಿನ ತಾಲೀಮು ನನ್ನ ವೃತ್ತಿಯಲ್ಲೇ ಅತಿ ಕಷ್ಟದ ತಾಲೀಮು. ಊರಿನ ಪಕ್ಕದಲ್ಲೇ ರೈಲು. ಒಳ್ಳೆಯ ಆಲಾಪ ಎತ್ತಿದಾಗಲೇ ಮೈಸೂರಿನ ಕಡೆಯಿಂದಲೋ ಬೆಂಗಳೂರಿನ ಕಡೆಯಿಂದಲೋ ಒಂದು ಗಾಡಿ ಬಂದು ಅದನ್ನು ನುಂಗಿಕೊಂಡು ಹೋಗುತ್ತಿತ್ತು. ಹಳೆಯ ನಾಟಕವಾದರೆ ಎಲ್ಲರಿಗೂ ಅರ್ಧ ಮೊದಲೇ ಗೊತ್ತಿರುತ್ತದೆ. ಇಲ್ಲಿ ಮಾತೂ ಹೊಸದು, ಹಾಡೂ ಹೊಸದು. ನಾಲ್ಕು ಸಂಪುಟವನ್ನು ಒಂದು ಹಗಲಿಗೆ ಇಳಿಸಲು ನಾನು ಎರಡನೆಯ ಸಂಪುಟದ ಮಂತ್ರಿಗಳನ್ನೆಲ್ಲ ಒಂದೇ ಏಟಿಗೆ ನಿವೃತ್ತಿ ಮಾಡಿದೆ. ಯಾಳಿಯ ಚರ್ಮದೊಳಗೆ ಇಬ್ಬರನ್ನು ಹೊಗಿಸಿದೆ. ಮುಂದಿನ ಕಾಲಿನವನಿಗೂ ಹಿಂದಿನ ಕಾಲಿನವನಿಗೂ ಗದ್ದೆಯ ನೀರಿನ ಜಗಳವಿದ್ದದ್ದರಿಂದ ಯಾಳಿ ಒಂದು ದಿನ ಎರಡು ದಿಕ್ಕಿಗೆ ಹೊರಟಿತು. ತಮ್ಮಣ್ಣ ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಬರುತ್ತಿದ್ದ. ಕಥೆ ಪೂರ್ತಿ ಗೊತ್ತಾಗಲೆಂದು ಅವನಿಗೆ ಪುಸ್ತಕ ಕೊಟ್ಟೆ. ಕಬ್ಬಿಗೆ ನೀರು ಹಾಯಿಸಿಕೊಂಡು ಬದುವಿನ ಮೇಲೆ ಕೂತು ಓದಿದನಂತೆ. ಒಂದು ದಿನ ನೀರು ಪಕ್ಕದವನ ಗದ್ದೆಗೆ ನುಗ್ಗಿ, ಅಲ್ಲಿ ಬೈಸಿಕೊಂಡು ನೇರ ನನ್ನ ಹತ್ತಿರ ಬಂದು, "ಮೂರ್ನೇ ಬಾಗ ಕೊಡಿ ಮೇಸ್ಟ್ರೇ, ಬೇಗ" ಎಂದ. ಅಂದಿನಿಂದ ಅವನ ಗಂಟು ಮುಖ ಹೋಯಿತು.

ನನಗೆ ಆಶ್ಚರ್ಯವಾದದ್ದು ದೇವೀರಮ್ಮನ ವಿಷಯದಲ್ಲಿ. ಇಷ್ಟು ವರ್ಷದ ಕಲಾವಿದೆ, ರಂಗದ ನಡುವೆ ನಿಲ್ಲಲು ಬರುತ್ತಿರಲಿಲ್ಲ. ಮಾತು ಶುರುಮಾಡಿದರೆ ಕಾಲು ತಾನಾಗಿ ಎಡಕ್ಕೆ, ಹಿಂದಕ್ಕೆ ಸರಿದು ಸೆರಗು ಹಿಡಿದು ನಿಂತುಬಿಡುವಳು. ರಾಣಿಯರ ಜಾಗ ಅದು. "ಮುಂದೆ ಬಾರಮ್ಮ!" ಎಂದು ನಾನು ಕೂಗುವುದು, ಅವಳು ಮುಂದೆ ಬರುವುದು, ಮತ್ತೆ ಸರಿಯುವುದು. ಒಂದು ಸಂಜೆ ಅವಳಿಗೇ ಅಳು ಬಂತು. "ನಂಗೊತ್ತು ಮೇಸ್ಟ್ರೇ, ಕಾಲ್ಗೆ ಗೊತ್ತಿಲ್ಲ" ಎಂದಳು. ನಾನು ಬೈಯಲಿಲ್ಲ. ಪೆಟ್ಟಿಗೆಯನ್ನೇ ಎತ್ತಿ ಎಡಗಡೆಯಿಂದ ಬಲಗಡೆಗೆ ತಂದಿಟ್ಟೆ. ಹಾಡಲು ಅವಳು ನನ್ನ ಶ್ರುತಿಯ ಕಡೆಗೆ ಬರಲೇಬೇಕಲ್ಲ. ಕಾಲು ನಿಧಾನಕ್ಕೆ ಕಲಿಯಿತು.

ಮಂಡ್ಯದಲ್ಲಿ ನಾಟಕದ ದಿನ ಪೋಸ್ಟರಿನ ನಟ್ಟ ನಡುವೆ ಅವಳ ಫೋಟೋ ಇತ್ತು. ತಮ್ಮಣ್ಣನೇ ಹಾಕಿಸಿದ್ದ. ರಂಗಮಂದಿರ ತುಂಬಿತ್ತು. ಸಾಮಾನ್ಯವಾಗಿ ಹೆಂಗಸರು ಬಂದರೆ ಹಿಂದಿನ ಸಾಲಿನಲ್ಲಿ ಕೂರುತ್ತಾರೆ; ಅವತ್ತು ಮಳವಳ್ಳಿಯಿಂದ, ಹಲಗೂರಿನ ಸುತ್ತಲ ಹಳ್ಳಿಗಳಿಂದ ಬಸ್ಸು ಹಿಡಿದು ಬಂದವರು ಬೇಗ ಬಂದು ಮುಂದಿನ ಸಾಲುಗಳನ್ನೆಲ್ಲ ಹಿಡಿದುಬಿಟ್ಟಿದ್ದರು. ಡಾಕ್ಟರಿಗೆ ಮೊದಲ ಸಾಲಿನ ಮೂಲೆ ಸಿಕ್ಕಿತ್ತು. ಬಾಡಿಗೆ ಸಿಂಹಾಸನಕ್ಕೆ ಬಿಳಿಯ ಥರ್ಮಾಕೋಲ್ ಅಂಟಿಸಿ ಉಪ್ಪಿನದು ಮಾಡಿದ್ದೆವು.

ಗಣಪತಿಯ ಪ್ರಾರ್ಥನೆ ಮುಗಿಸಿ, ಗೊತ್ತಿರುವ ದೇವರು ಅಲ್ಲಿಗೆ ಮುಗಿದ ಮೇಲೆ, ಜನ ಟೀ ಕುಡಿಯಲು ಏಳುತ್ತಾರೇನೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಯಾರೂ ಏಳಲಿಲ್ಲ. ಉಪ್ಪು ಹೊತ್ತು ಬರುವ ಹಾಡಿಗೇ ಚಪ್ಪಾಳೆ ಬಿತ್ತು. ಯಾಳಿ ಬಂದಾಗ ಅದರ ಸೊಂಡಿಲು ಪರದೆಯ ಹಗ್ಗಕ್ಕೆ ಸಿಕ್ಕಿಕೊಂಡಿತು. ದೇವೀರಮ್ಮ ಕಡಲಾಂಬೆಯ ಗತ್ತಿನಲ್ಲೇ ಬಂದು ಅದನ್ನು ಬಿಡಿಸಿ ಮೂತಿ ಸವರಿದಳು. ಜನ ಅದೂ ಕಥೆಯೆಂದೇ ತಿಳಿದರು. ಸನಿಕೆ ಹಿಡಿದು ಸೈನ್ಯಕ್ಕೆ ಎದುರು ನಿಂತು ಅವಳು ಎತ್ತಿದ ಹಾಡಿಗೆ ನನ್ನ ಬೆರಳುಗಳು ನೋವು ಮರೆತವು. ಇಡೀ ಜೀವನದಲ್ಲಿ ನಾನು ಕಟ್ಟಿದ ಮಟ್ಟುಗಳಲ್ಲಿ ಅದೇ ಶ್ರೇಷ್ಠ. ಹೆಮ್ಮೆಯಿಂದಲೇ ಹೇಳುತ್ತೇನೆ.

ಕೊನೆಯ ದೃಶ್ಯ ಬಂತು. ತಮ್ಮಣ್ಣ ಕಿರೀಟ ಹಿಡಿದು ಮಂಡಿಯೂರಿ, "ತಾಯಿ, ಸಿಂಹಾಸನ ಏರಬೇಕು" ಎಂದ. ದೇವೀರಮ್ಮ ಸಿಂಹಾಸನವನ್ನು ನೋಡಿದಳು. ಒಂದು ಗಳಿಗೆ ಹೆಚ್ಚೇ ನೋಡಿದಳು. ಆಮೇಲೆ ಬರೆದದ್ದನ್ನು ಬರೆದಂತೆಯೇ ಹೇಳಿದಳು: "ಬೇಡ, ಸೇನಾಪತಿ." ತಿರುಗಿ, ರಂಗದಿಂದ ಇಳಿದು ಜನರ ನಡುವಿನ ದಾರಿಯಲ್ಲಿ ನಡೆದುಹೋಗಬೇಕು, ನಾನು ಮಂಗಳ ಎತ್ತಬೇಕು. ಅವಳು ಮೆಟ್ಟಿಲಿನ ಹತ್ತಿರ ಬಂದಳು.

"ಯಾಕವ್ವ ಬ್ಯಾಡ?"

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಕೂಗಿದ್ದಳು. ನಗುವಿರಲಿಲ್ಲ ಆ ದನಿಯಲ್ಲಿ. "ಕೂತ್ಕಳವ್ವ!" ಎಂದಳು ಇನ್ನೊಬ್ಬಳು. ಆಮೇಲೆ ಎಲ್ಲ ಕಡೆಯಿಂದಲೂ ಅದೇ ಮಾತು. ದೇವೀರಮ್ಮ ಕಸುಬು ಬಲ್ಲವಳು, ಕೇಳಿಸದವಳಂತೆ ಮೆಟ್ಟಿಲಿಳಿದಳು. ಆದರೆ ಹೆಂಗಸರು ಎದ್ದು ದಾರಿಗೆ ಅಡ್ಡ ನಿಂತಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡ ಒಬ್ಬ ಮುದುಕಿ ಅವಳ ಎರಡೂ ಭುಜ ಹಿಡಿದು, "ಹಿಂದುಕ್ ಓಗವ್ವ. ಓಗ್ ಕೂತ್ಕ. ನಾವ್ ನೋಡ್ಬುಟ್ಟು ಓಯ್ತೀವಿ" ಎಂದಳು.

ದೇವೀರಮ್ಮ ನನ್ನ ಕಡೆ ನೋಡಿದಳು. ನಾನು ಮಾತು ಕೊಟ್ಟವನು. ಶ್ರುತಿಯನ್ನು ಹಾಗೇ ಹಿಡಿದು ಡಾಕ್ಟರ ಕಡೆ ನೋಡಿದೆ. ಡಾಕ್ಟರು ಎದ್ದು ನಿಂತಿದ್ದರು. ತಾವು ಹುಟ್ಟಿಸಿದ ಹೆಂಗಸಿಗಾಗಿ ಹೊಡೆದಾಡಲು ನಿಂತ ಇಷ್ಟೊಂದು ಜನರನ್ನು ಅವರು ಕನಸಿನಲ್ಲೂ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ನಗುತ್ತಿತ್ತು. ಅವರು ದೇವೀರಮ್ಮನಿಗೆ ಎರಡೂ ಕೈ ಮುಗಿದು, ಸಿಂಹಾಸನದ ಕಡೆಗೆ ಕೈ ತೋರಿಸಿದರು.

ಅವಳು ಮೆಟ್ಟಿಲು ಹತ್ತಿದಳು. ನೋಯುವ ಮಂಡಿ, ಒಂದೊಂದೇ ಮೆಟ್ಟಿಲು. ಸಿಂಹಾಸನದ ತೋಳಿನ ಮೇಲೆ ಕೈಯಿಟ್ಟಳು. ಕೂತಳು. ಆ ಕೂಗು, ಆ ಶಿಳ್ಳೆ! ಇದಕ್ಕೆ ಹಾಡು ಕಟ್ಟಿರಲಿಲ್ಲ. ನನ್ನ ಬೆರಳುಗಳು ತಾವಾಗಿ ಪಟ್ಟಾಭಿಷೇಕದ ಹಳೆಯ ಮಟ್ಟನ್ನು ಹಿಡಿದವು. ಇಷ್ಟು ವರ್ಷ ದೇವೀರಮ್ಮ ನಿಂತುಕೊಂಡು ರಾಜರಿಗಾಗಿ ಹಾಡುತ್ತಿದ್ದ ಹೊಗಳಿಕೆಯ ಹಾಡು ಅದು. ಅವಳಿಗಾಗಿ ಹಾಡುವವರು ಯಾರು ಎಂದು ನನಗೆ ಹೊಳೆಯುವಷ್ಟರಲ್ಲಿ ತಮ್ಮಣ್ಣ ಎದ್ದು, ಅವಳ ಎಡಗಡೆಗೆ ಬಂದು ನಿಂತು, ಕೈಮುಗಿದು ಗಂಟಲೆತ್ತಿ ಹಾಡಿದ. ಶ್ರುತಿ ಎಲ್ಲೆಲ್ಲಿಗೋ ಹೋಯಿತು. ನಾನೂ ಹಿಂದೆಯೇ ಹೋದೆ.

ಹಾಡು ಮುಗಿಯಿತೋ ಇಲ್ಲವೋ, "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಇಡೀ ರಂಗಮಂದಿರ ಎದ್ದು ಕೂಗಿತು. ಒನ್ಸ್ ಮೋರ್ ಎಂದರೆ ದೃಶ್ಯ ಮೊದಲಿನಿಂದ ಮತ್ತೆ ಆಗಬೇಕು, ಅದು ನಮ್ಮ ರಂಗದ ಕಟ್ಟಳೆ. ತಮ್ಮಣ್ಣ ಮತ್ತೆ ಮಂಡಿಯೂರಿ ಕಿರೀಟ ಎತ್ತಿ ಹಿಡಿದು, ಎದ್ದು ಬಾ ಎಂದು ದೇವೀರಮ್ಮನಿಗೆ ಕಣ್ಸನ್ನೆ ಮಾಡಿದ.

ಅವಳು ಬೆನ್ನನ್ನು ಹಿಂದಕ್ಕೆ ಒರಗಿಸಿ, ಕಾಲುಗಳನ್ನು ನೀಡಿಕೊಂಡಳು. ಕೊರಳಿನ ಮೈಕಿನಲ್ಲಿ ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು:

"ನೀನ್ ಹಾಡ್ಕಳಪ್ಪ ತಮ್ಮಣ್ಣ. ನಾನ್ ಏಳಾಕಿಲ್ಲ."